ಅರವತ್ತು ಸೆಕೆಂಡಿನ ವಿಶ್ರಾಂತಿ

ಭಾವನವರು ಭವಿಷ್ಯ ಹೇಳುತ್ತಿದ್ದರು. ಕೈ ನೋಡಿ ಅಲ್ಲ, ಕಾಲು ನೋಡಿ. ಮೂವತ್ತೊಂದು ವರ್ಷ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದ ಮನುಷ್ಯ. ಯಾರಾದರೂ ಮೈಲಿ ಓಟಕ್ಕೆ ನಿಲ್ಲುವ ಒಂದು ವಾರ ಮೊದಲೇ, ಅವರು ಎಷ್ಟು ನಿಮಿಷ ಎಷ್ಟು ಸೆಕೆಂಡಿಗೆ ಗೆರೆ ಮುಟ್ಟುತ್ತಾರೆಂದು ಚೀಟಿಯಲ್ಲಿ ಬರೆದು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಓಟ ಮುಗಿದ ಮೇಲೆ ಚೀಟಿ ಬಿಚ್ಚಿದರೆ ಒಂದು ಸೆಕೆಂಡು ಆಚೆ, ಇಲ್ಲವೇ ಒಂದು ಸೆಕೆಂಡು ಈಚೆ. ಊರಿನವರು ಅವರನ್ನು ಗಡಿಯಾರದ ಮೇಷ್ಟ್ರು ಎನ್ನುತ್ತಿದ್ದರು. ಎದುರಿಗೆ ಗೌರವಕ್ಕೆ, ಬೆನ್ನ ಹಿಂದೆ ಗೇಲಿಗೆ, ಹೆಸರು ಮಾತ್ರ ಅದೇ.

ಅದರಲ್ಲಿ ಗುಟ್ಟೇನೂ ಇರಲಿಲ್ಲ. ನಾನೂರು ಮೀಟರಿನ ಒಂದು ಸುತ್ತನ್ನು ಮೈಮುರಿದು ಓಡಬೇಕು, ಸರಿಯಾಗಿ ಅರವತ್ತು ಸೆಕೆಂಡು ನಿಲ್ಲಬೇಕು, ಮತ್ತೆ ಓಡಬೇಕು. ಹೀಗೆ ಹತ್ತು ಸುತ್ತು. ಹತ್ತರ ಸರಾಸರಿ ತೆಗೆದು, ನಾಲ್ಕರಿಂದ ಗುಣಿಸಿ, ನಾಲ್ಕು ಸುತ್ತಾದ ಮೇಲೂ ಮೈಲಿಗೆ ಬಾಕಿ ಉಳಿಯುವ ಒಂಬತ್ತು ಮೀಟರಿಗೆಂದು ಎರಡು ಸೆಕೆಂಡು ಸೇರಿಸಿದರೆ ಆಯಿತು.

"ಓಡೋದೇನು, ಯಾರು ಬೇಕಾದ್ರೂ ಓಡ್ತಾರೆ. ನಿಲ್ಲೋದರಲ್ಲಿದೆ ನೋಡಮ್ಮ ಎಲ್ಲ" ಎಂದು ಅವರು ತಮ್ಮನ ಹೆಂಡತಿಗೆ ಹೇಳಿದ್ದರು. "ಒಂದೇ ನಿಮಿಷ. ಅದು ಜಾಸ್ತಿಯಾದ್ರೆ ಲೆಕ್ಕ ಸುಳ್ಳಾಗುತ್ತೆ. ಲೆಕ್ಕ ಸುಳ್ಳಾದ್ರೆ ಓಡೋಳು ಕೆಡ್ತಾಳೆ."

ಇದು ಸುಮ್ಮನೆ ಹೆದರಿಸುವ ಮಾತಾಗಿರಲಿಲ್ಲ. ಮೂರು ವರ್ಷದ ಹಿಂದೆ ಅಂಚೆಯವನ ಮಗಳೊಬ್ಬಳು ಅವರ ಕೈಯಲ್ಲಿ ತಯಾರಾಗಿದ್ದಳು. ಆ ಹುಡುಗಿ ವಿಶ್ರಾಂತಿಯ ಗಡಿಯಾರವನ್ನು ತಾನೇ ಹಿಡಿದುಕೊಂಡು, ಪ್ರತಿ ಸಲ ಐದಾರು ಸೆಕೆಂಡು ಹೆಚ್ಚಿಗೆ ನಿಂತು, ಸುತ್ತುಗಳನ್ನು ಚೆನ್ನಾಗಿ ಓಡಿ, ತನ್ನ ಯೋಗ್ಯತೆಗೆ ಮೀರಿದ ಚೀಟಿ ಬರೆಸಿಕೊಂಡಳು. ಓಟದ ದಿನ ಚೀಟಿಯ ವೇಗದಲ್ಲೇ ಹೊರಟಳು. ಮೂರನೇ ಸುತ್ತಿನಲ್ಲಿ ಮುಗ್ಗರಿಸಿ ಬಿದ್ದವಳನ್ನು ನಾಲ್ಕು ಜನ ಹೊತ್ತುಕೊಂಡು ಹೋದರು. ಹದಿಮೂರು ದಿನ ಆಸ್ಪತ್ರೆಯಲ್ಲಿದ್ದಳು. ಈಗ ಮಹಡಿ ಹತ್ತುವಾಗ ಅರ್ಧಕ್ಕೆ ನಿಂತು ಗೋಡೆ ಹಿಡಿಯುತ್ತಾಳಂತೆ.

ಅಂದಿನಿಂದ ಭಾವನವರು ವಿಶ್ರಾಂತಿಯ ಗಡಿಯಾರವನ್ನು ಓಡುವವರ ಕೈಗೆ ಕೊಡುವುದನ್ನು ಬಿಟ್ಟರು. ಸ್ವಂತ ತಮ್ಮನ ಮಗಳು ಓಡುತ್ತೇನೆಂದು ಮುಂದೆ ಬಂದಾಗ ಗಡಿಯಾರವನ್ನು ಅವಳ ತಾಯಿಯ ಕೈಗಿಟ್ಟರು. ಅದಕ್ಕೊಂದು ಕಾರಣವಿತ್ತು. ಆಕೆ ಬೇಕರಿಯ ಒಲೆಯ ಮುಂದೆ ಹದಿನಾರು ವರ್ಷ ಕಳೆದವಳು. ಬ್ರೆಡ್ಡಿನ ತಟ್ಟೆ ಒಳಗೆ ಹೋದರೆ ಗೋಡೆಯ ಗಡಿಯಾರದ ಕಡೆ ತಿರುಗಿಯೂ ನೋಡದೆ, ಸರಿಯಾದ ಹೊತ್ತಿಗೆ ಹೊರಗೆಳೆಯುವವಳು. ಅವಳ ತಟ್ಟೆ ಸೀದದ್ದನ್ನು ಬೇಕರಿಯಲ್ಲಿ ಒಬ್ಬರೂ ಕಂಡಿರಲಿಲ್ಲ.

"ನನ್ನ ನಾದಿನಿಯರಿಗಿಂತ ನಿನ್ನನ್ನ ನಂಬ್ತೀನಿ" ಎಂದಿದ್ದರು ಭಾವನವರು. ಅವರಿಗೆ ನಾದಿನಿಯರಲ್ಲಿ ನಂಬಿಕೆ ಎಳ್ಳಷ್ಟೂ ಇರಲಿಲ್ಲವಾದ್ದರಿಂದ ಅದೇನು ದೊಡ್ಡ ಹೊಗಳಿಕೆಯಲ್ಲ. ಆದರೂ ಅವಳಿಗೆ ಖುಷಿಯಾಗಿತ್ತು.

ಮೈದಾನ ಹಳೆಯ ನೂಲಿನ ಗಿರಣಿಯ ಹಿಂದಿತ್ತು. ಸಂಜೆ ಐದಕ್ಕೆ ಮೂವರೂ ಅಲ್ಲಿ ಸೇರುತ್ತಿದ್ದರು. ಭಾವನವರು ಗೆರೆಯ ಪಕ್ಕ ನಿಂತು ಸುತ್ತಿನ ಸಮಯ ಹಿಡಿಯುತ್ತಿದ್ದರು. ಹುಡುಗಿ ಗೆರೆ ದಾಟಿದ ಕೂಡಲೇ ಮಗುಚಿಟ್ಟ ಡಬ್ಬದ ಮೇಲೆ ಕುಕ್ಕರಿಸಿ, ಕನ್ನಡಕ ಹಣೆಗೇರಿಸಿ, ನೋಟ್‌ಬುಕ್ಕಿಗೆ ಮೂಗು ತಾಗಿಸಿಕೊಂಡು ಅಂಕಿ ಬರೆಯುತ್ತಿದ್ದರು. ಸೊಂಟದ ನೋವಿನ ಮನುಷ್ಯ. ಆ ಒಂದು ನಿಮಿಷ ಅವರಿಗೂ ವಿಶ್ರಾಂತಿಯೇ. ಹುಡುಗಿಯೋ, ಮಂಡಿ ಹಿಡಿದು ಬಗ್ಗಿ ನಿಂತರೆ ಅವಳಿಗೆ ಲೋಕದ ಖಬರೇ ಇರುತ್ತಿರಲಿಲ್ಲ. ಹಾಗಾಗಿ ಆ ಒಂದು ನಿಮಿಷದ ಮೇಲೆ ಕಣ್ಣಿಟ್ಟವರು ಜಗತ್ತಿನಲ್ಲಿ ತಾಯಿಯೊಬ್ಬಳೇ.

ಚಳಿಗಾಲದಲ್ಲಿ ಹುಡುಗಿಗೆ ನ್ಯುಮೋನಿಯಾ ಬಂತು. ಇಪ್ಪತ್ತೆರಡು ದಿನ ಹಾಸಿಗೆ ಹಿಡಿದಳು. ಮೊದಲೇ ಅಪ್ಪ ಅವಳನ್ನು ಕಡ್ಡಿ ಎಂದು ಕರೆಯುತ್ತಿದ್ದ. ಎದ್ದು ಕೂತಾಗ ಅವನಿಗೆ ಆ ಹೆಸರು ಬಾಯಿಗೆ ಬರಲಿಲ್ಲ. ವೈದ್ಯೆ ಎದೆಗೆ ಸ್ಟೆತಾಸ್ಕೋಪ್ ಇಟ್ಟು ತುಂಬ ಹೊತ್ತು ಆಲಿಸಿದರು.

"ಓಡಲಿ, ಬೇಡ ಅನ್ನಲ್ಲ. ಆದ್ರೆ ಮೈ ಹೇಳಿದ ಮಾತು ಕೇಳ್ಬೇಕು. ಎದೆ ಹಿಡಿದ ಹಾಗಾದ್ರೆ, ಕಣ್ಣು ಕತ್ತಲೆ ಬಂದ್ರೆ, ಎಲ್ಲಿದ್ದಾಳೋ ಅಲ್ಲೇ ಕೂತುಬಿಡ್ಬೇಕು. ಹಟ ಮಾಡಿದ್ರೆ ಈ ಶ್ವಾಸಕೋಶ ತಡೆಯೋದಿಲ್ಲ."

ತಾಯಿ ತಲೆಯಾಡಿಸಿದಳು. ಹುಡುಗಿಯೂ ತಲೆಯಾಡಿಸಿದಳು. ಆದರೆ ಮಗಳು ಮೈಯ ಮಾತು ಕೇಳುವವಳಲ್ಲ, ಅಂಕಿಯ ಮಾತು ಕೇಳುವವಳು ಎಂಬುದು ಹೆತ್ತವಳಿಗೆ ಗೊತ್ತಿತ್ತು. ದೊಡ್ಡಪ್ಪ ಎಪ್ಪತ್ತೆಂಟು ಎಂದರೆ ಎಪ್ಪತ್ತೆಂಟು. ಅದಕ್ಕಿಂತ ನಿಧಾನವಾದರೆ ರಾತ್ರಿ ಊಟ ಸೇರುತ್ತಿರಲಿಲ್ಲ.

ಮತ್ತೆ ಮೈದಾನಕ್ಕೆ ಬಂದ ಮೊದಲ ವಾರ ಆರನೇ ಸುತ್ತು ಮುಗಿಸಿ ನಿಂತಾಗ ಹುಡುಗಿಯ ಎದೆಯೊಳಗಿಂದ ಒಂದು ಸದ್ದು ಬಂತು. ಕಮ್ಮಾರನ ಹರಿದ ತಿದಿಯ ಸದ್ದು. ತಾಯಿಯ ಕೈಯಲ್ಲಿದ್ದ ಗಡಿಯಾರ ಅರವತ್ತು ದಾಟಿತು. ಅರವತ್ತೈದಕ್ಕೆ ಆ ಸದ್ದು ಸ್ವಲ್ಪ ತಗ್ಗಿತು. ಆಗ "ಹೋಗು" ಎಂದಳು. ಭಾವನವರು ಡಬ್ಬದಿಂದೆದ್ದು ಗಡಿಯಾರ ಒತ್ತಿದರು. ಏನೂ ಆಗಲಿಲ್ಲ. ಯಾರೂ ಏನೂ ಕೇಳಲಿಲ್ಲ. ಐದು ಸೆಕೆಂಡು ಎಂದರೆ ಎಷ್ಟು ಮಹಾ, ಸೆರಗಿನ ತುದಿಯಿಂದ ಮಗಳ ಮುಖ ಒರೆಸುವಷ್ಟು.

ಆಮೇಲೆ ಅದು ಐದಕ್ಕೇ ನಿಲ್ಲಲಿಲ್ಲ. ಹಾಗೆ ನಿಂತದ್ದನ್ನು ಯಾರು ತಾನೆ ಕಂಡಿದ್ದಾರೆ. ಮುಂದಿನ ವಾರ ಎಂಟಾಯಿತು. ಅದರ ಮುಂದಿನ ವಾರ ಹನ್ನೆರಡು. ಅವಳು ಒಂದು ಉಪಾಯವನ್ನೂ ಕಂಡುಕೊಂಡಳು. ಮಗಳು ಗೆರೆ ದಾಟಿದ ಮೇಲೆ ಮೊದಲು ಟವೆಲು ಕೊಡುವುದು, ಬೆನ್ನು ಸವರುವುದು, ಆಮೇಲೆ ಗಡಿಯಾರ ಒತ್ತುವುದು. ಗಡಿಯಾರ ಅರವತ್ತನ್ನೇ ತೋರಿಸುತ್ತಿತ್ತು. ಕಣ್ಣೆದುರು ಸುಳ್ಳು ಕಾಣದಿದ್ದರೆ ಮನಸ್ಸಿಗೆ ಎಷ್ಟು ಹಗುರ.

ಸುತ್ತುಗಳು ಚುರುಕಾದವು. ಎಪ್ಪತ್ತೊಂಬತ್ತೂವರೆ ಇದ್ದ ಸರಾಸರಿ ಎಪ್ಪತ್ತೆಂಟಾಯಿತು, ಎಪ್ಪತ್ತೇಳಾಯಿತು. ಭಾವನವರು ನೋಟ್‌ಬುಕ್ಕನ್ನು ಹತ್ತಿರ ಹಿಡಿದು, ದೂರ ಹಿಡಿದು, ಎರಡೆರಡು ಸಲ ಗುಣಿಸಿ ನೋಡಿದರು.

"ಕಾಯಿಲೆ ಬಿದ್ದೆದ್ದ ಮೇಲೆ ಹೀಗೆ ಏರಿದವರನ್ನ ನಾನು ನೋಡಿಲ್ಲ" ಎಂದರು. "ಇದು ನಮ್ಮ ಮನೆತನದ ರಕ್ತ."

ಆ ರಕ್ತದ ಇನ್ನೊಬ್ಬ ವಾರಸುದಾರ, ಅಂದರೆ ಹುಡುಗಿಯ ಅಪ್ಪ, ಬಸ್ಸು ಹಿಡಿಯಲೂ ಓಡಿದವನಲ್ಲ. ಆದರೆ ಕ್ಷೌರದ ಅಂಗಡಿಯವನಾದ್ದರಿಂದ ಬಾಯಿಗೆ ಬಿಡುವಿರಲಿಲ್ಲ. ಕನ್ನಡಿಯ ಮೂಲೆಯಲ್ಲಿ ಸೋಪಿನಿಂದ ಮಗಳ ಅಂಕಿ ಬರೆದಿಡತೊಡಗಿದ. ಐದು ನಿಮಿಷ ಇಪ್ಪತ್ತು ಸೆಕೆಂಡು. ಐದು ಹದಿನಾಲ್ಕು. ಐದು ಹತ್ತು. ಕೆನ್ನೆಗೆ ನೊರೆ ಬಳಿಸಿಕೊಂಡು ಕತ್ತು ಚಾಚಿ ಕೂತ ಗಿರಾಕಿಗೆ ಕತ್ತಿ ಹಿಡಿದವನ ಮಾತಿಗೆ ಹೂಂಗುಟ್ಟದೆ ಬೇರೆ ದಾರಿಯಿಲ್ಲ. ಬೀದಿಯ ಮೂರು ತಿರುವಿನ ಆಚೆಗೂ ಆ ಅಂಕಿ ಹಬ್ಬಿತು. ತರಕಾರಿಯವಳು ಸೊಪ್ಪು ಕಟ್ಟುತ್ತಾ "ಐದು ಹತ್ತಂತೆ?" ಎಂದು ಕೇಳಿದಳು. ತಾಯಿ ಚಿಲ್ಲರೆ ಎಣಿಸದೆ ಸೊಪ್ಪು ತೆಗೆದುಕೊಂಡು ಹೊರಟಳು.

ಐದು ಹತ್ತು ಬರಿಯ ಅಂಕಿಯಾಗಿರಲಿಲ್ಲ. ಬೇಸಿಗೆಯ ಮೊದಲಲ್ಲಿ ನಡೆಯುವ ದೊಡ್ಡ ಓಟದಲ್ಲಿ ಮೈಲಿಯನ್ನು ಅದರೊಳಗೆ ಮುಗಿಸಿದವರನ್ನು ಸರ್ಕಾರಿ ತರಬೇತಿ ಶಾಲೆಗೆ ಆರಿಸಿಕೊಳ್ಳುತ್ತಿದ್ದರು. ಹುಡುಗಿ ಎರಡು ವರ್ಷದಿಂದ ಅದನ್ನೇ ಉಸಿರಾಡುತ್ತಿದ್ದಳು.

ತಾಯಿಗೆ ಈ ಸುಳ್ಳನ್ನು ನಿಲ್ಲಿಸಬೇಕೆನಿಸಿರಲಿಲ್ಲ ಎಂದಲ್ಲ. ಒಂದು ಸಂಜೆ ನಿಜವಾಗಿ ಅರವತ್ತಕ್ಕೇ "ಹೋಗು" ಎಂದು ನೋಡಿದಳು. ಮುಂದಿನ ಸುತ್ತನ್ನು ಹುಡುಗಿ ಎಂಬತ್ತೊಂದಕ್ಕೆ ಎಳೆದುಕೊಂಡು ಬಂದಳು. ಭಾವನವರ ಹುಬ್ಬು ಗಂಟಾಯಿತು. ಹುಡುಗಿ ತನ್ನ ಕಾಲುಗಳನ್ನು ಪರರ ಕಾಲುಗಳನ್ನು ನೋಡುವಂತೆ ನೋಡಿಕೊಂಡಳು. ಆ ನೋಟವನ್ನು ತಾಯಿಗೆ ತಡೆಯಲಾಗಲಿಲ್ಲ. ಮುಂದಿನ ವಿಶ್ರಾಂತಿಗೆ ಇಪ್ಪತ್ತು ಸೆಕೆಂಡು ಸೇರಿಸಿ ಕೊಟ್ಟಳು. ಹುಡುಗಿ ಎಪ್ಪತ್ತಾರಕ್ಕೆ ಬಂದಳು, ಮನೆಯಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡಳು.

ಓಟಕ್ಕೆ ಒಂದು ವಾರವಿದ್ದಾಗ ಕೊನೆಯ ಪರೀಕ್ಷೆ ನಡೆಯಿತು. ಸರಾಸರಿ ಎಪ್ಪತ್ತೈದು. ಭಾವನವರು ಚೀಟಿ ಬರೆದು, ಈ ಸಲ ಜೇಬಿಗೆ ಹಾಕದೆ ಹುಡುಗಿಯ ಕೈಗೇ ಕೊಟ್ಟರು. ಐದು ನಿಮಿಷ ಎರಡು ಸೆಕೆಂಡು.

"ಪ್ರತಿ ಸುತ್ತು ಎಪ್ಪತ್ತೈದು. ಒಂದು ಮೇಲಿಲ್ಲ, ಒಂದು ಕೆಳಗಿಲ್ಲ. ಗೆರೆ ಹತ್ರ ನಿಂತು ನಾನು ಕೂಗ್ತೀನಿ. ನನ್ನ ಅಂಕಿ ಕೇಳು, ಬೇರೆ ಯಾರ ಮಾತೂ ಕೇಳ್ಬೇಡ."

"ನಿಮ್ಮ ಮಾತು ಬಿಟ್ಟು ಯಾರ ಮಾತು ಕೇಳಿದೀನಿ ದೊಡ್ಡಪ್ಪ?" ಎಂದಳು ಹುಡುಗಿ. ಆಮೇಲೆ ಅಮ್ಮನ ಕೈ ಹಿಡಿದುಕೊಂಡಳು. "ಇದರಲ್ಲಿ ಅರ್ಧ ಅಮ್ಮಂದು. ಅಮ್ಮ ಗಡಿಯಾರ ಹಿಡಿದ್ರೆ ನನಗೆ ಧೈರ್ಯ."

ತಾಯಿ ಆ ವಾರ ಎರಡು ತಟ್ಟೆ ಬ್ರೆಡ್ಡು ಸೀಯಿಸಿದಳು. ಬೇಕರಿಯ ಯಜಮಾನ ಕರಕಲನ್ನು ಕೈಯಲ್ಲಿ ಹಿಡಿದು, ಬೈಯುವುದೋ ಮೈ ಹುಷಾರಿಲ್ಲವೇ ಎಂದು ಕೇಳುವುದೋ ತಿಳಿಯದೆ ನಿಂತ. ಅವಳ ಕಣ್ಣ ಮುಂದೆ ಒಂದೇ ಚಿತ್ರ. ಮೂರನೇ ಸುತ್ತು, ಮುಗ್ಗರಿಸಿದ ಕಾಲು, ಹೊತ್ತೊಯ್ಯುವ ನಾಲ್ಕು ಜನ. ಅಂಚೆಯವನ ಮಗಳಿಗೆ ಶ್ವಾಸಕೋಶವಾದರೂ ಗಟ್ಟಿಯಾಗಿತ್ತು.

ಓಟಕ್ಕೆ ಎರಡು ದಿನ ಉಳಿದಿರುವಾಗ ಮಧ್ಯಾಹ್ನ ಕೆಲಸದಿಂದ ನೇರ ಭಾವನವರ ಮನೆಗೆ ಹೋದಳು. ಅವರು ಅಂಗಳದಲ್ಲಿ ಕೂತು ಹುಡುಗಿಯ ಓಟದ ಬೂಟಿನ ಮೊಳೆಗಳನ್ನು ಬಿಗಿ ಮಾಡುತ್ತಿದ್ದರು. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಟವೆಲು, ಬೆನ್ನು ಸವರಿದ್ದು, ಐದು, ಹನ್ನೆರಡು, ಇಪ್ಪತ್ತು. ಕೊನೆಯ ಪರೀಕ್ಷೆಯಲ್ಲಿ ಇಪ್ಪತ್ತೈದೂ ಆಗಿರಬಹುದು ಎಂದಳು.

ಭಾವನವರು ಬೂಟು ಕೆಳಗಿಟ್ಟು ಒಳಗೆ ಹೋಗಿ ನೋಟ್‌ಬುಕ್ಕು ತಂದರು. ಪೆನ್ಸಿಲು ನೆಕ್ಕಿ ಏನೋ ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

"ಐದು ಹದಿನೇಳು" ಎಂದರು ಕೊನೆಗೆ. "ಹದಿನೆಂಟೂ ಇರಬಹುದು. ನನ್ನ ಪುಸ್ತಕದಲ್ಲಿ ಇರಬಹುದು ಅನ್ನೋ ಮಾತು ಇವತ್ತೇ ಮೊದಲು."

"ಓಡೋದೇ ಬೇಡ ಭಾವ. ಅವಳಿಗೆ ಹೇಳಿ ನಿಲ್ಲಿಸಿಬಿಡೋಣ."

"ಏನಂತ ಹೇಳ್ತೀಯ? ನಿನ್ನಮ್ಮ ಮೂರು ತಿಂಗಳಿಂದ ನಿನಗೆ ಸುಳ್ಳು ಓಟ ಓಡಿಸಿದ್ಲು ಅಂತಲಾ? ಹೇಳು. ಈಗಲೇ ಹೋಗಿ ಹೇಳು."

ಅವಳು ನೆಲ ನೋಡಿದಳು. ಹೇಳಬೇಕಾದ್ದು ಅದೇ ಎಂದು ಅವಳಿಗೆ ಗೊತ್ತಿತ್ತು. ಆದರೆ ಮಗಳು ತನ್ನ ಕಾಲನ್ನು ನೋಡಿಕೊಂಡ ಆ ನೋಟವನ್ನು ಈ ಸಲ ತನ್ನ ಮುಖದ ಮೇಲೆ ತಿರುಗಿಸುತ್ತಾಳೆ ಎಂಬುದೂ ಗೊತ್ತಿತ್ತು. ಹೇಡಿತನಕ್ಕೆ ತಾಯ್ತನದ ಸೀರೆ ಉಡಿಸಿದರೂ ಅದು ಹೇಡಿತನವೇ. ಅವಳು ಅಂಗಳ ಬಿಟ್ಟು ಕದಲಲಿಲ್ಲ.

ಭಾವನವರು ಮತ್ತೆ ಪೆನ್ಸಿಲು ಹಿಡಿದರು. ಅವರಿಗೂ ಅವರದ್ದೇ ಭಯವಿತ್ತು. ಊರೆಲ್ಲ ಬಲ್ಲ ಚೀಟಿಯನ್ನು ಬರೆದ ಕೈ ಅವರದು.

"ಕೇಳು" ಎಂದರು. "ಅವಳು ನಂಬೋದು ನನ್ನ ಅಂಕಿಯನ್ನ. ನಿಧಾನ ಅಂತ ಕೂಗಿದ್ರೆ ಕಿವಿಗೆ ಹಾಕ್ಕೊಳಲ್ಲ. ಮೊದಲ ಸುತ್ತು ಎಪ್ಪತ್ತೈದಕ್ಕೆ ಬರ್ತಾಳೆ. ನಾನು ಎಪ್ಪತ್ತೆರಡು ಅಂತ ಕೂಗ್ತೀನಿ. ಅಯ್ಯೋ ಜೋರಾಗಿ ಓಡಿಬಿಟ್ಟೆ ಅಂತ ತಾನೇ ವೇಗ ತಗ್ಗಿಸ್ತಾಳೆ. ಎರಡನೇ ಸುತ್ತಿಗೂ ಮೂರು ಕಳೆದು ಹೇಳ್ತೀನಿ. ಹಾಗೇ ಎಪ್ಪತ್ತೊಂಬತ್ತಕ್ಕೆ ಇಳಿಸಿ ತಂದು ಗೆರೆ ಮುಟ್ಟಿಸ್ತೀನಿ. ಆಯ್ಕೆ ಆಗಲ್ಲ. ಆದ್ರೆ ನಿಂತ್ಕೊಂಡೇ ಮುಗಿಸ್ತಾಳೆ. ನಿನ್ನ ಸುಳ್ಳಿಗೂ ನನ್ನ ಸುಳ್ಳಿಗೂ ಸರಿಹೋಗುತ್ತೆ."

ಎರಡೂ ಸೇರಿ ಸೊನ್ನೆಯಾಗುತ್ತವೆ ಎಂಬ ಈ ಲೆಕ್ಕ ಅವಳಿಗೆ ಎಷ್ಟು ಹಿತವಾಯಿತೆಂದರೆ, ಅಲ್ಲೇ ಕೂತು ಅತ್ತುಬಿಟ್ಟಳು. ಭಾವನವರು ಬೂಟನ್ನೆತ್ತಿಕೊಂಡು ಮತ್ತೆ ಮೊಳೆ ಬಿಗಿ ಮಾಡತೊಡಗಿದರು.

ಓಟದ ದಿನ ಬಿಸಿಲು ಬೆಳಿಗ್ಗೆಯೇ ಏರಿತ್ತು. ಸಂಜೆ ನಾಲ್ಕಾದರೂ ಮೈದಾನದ ಕೆಂಪು ನೆಲದಿಂದ ಝಳ ಏಳುತ್ತಿತ್ತು. ಸಮಯ ತೋರಿಸುವ ಹಲಗೆ ಅಲ್ಲಿರಲಿಲ್ಲ. ತೀರ್ಪುಗಾರರ ಮೇಜು, ಸುಣ್ಣದ ಗೆರೆ, ಸುತ್ತ ಕಟ್ಟಿದ ಹಗ್ಗ, ಅಷ್ಟೇ. ಅಪ್ಪ ಅಂಗಡಿ ಮುಚ್ಚಿ ಆರು ಜನ ಗಿರಾಕಿಗಳನ್ನು ಕಟ್ಟಿಕೊಂಡು ಬಂದಿದ್ದ. ಅವರಲ್ಲೊಬ್ಬನ ಅರ್ಧ ಗಡ್ಡ ಹಾಗೇ ಉಳಿದಿತ್ತು.

"ಐದು ಎರಡು" ಎಂದು ಅಪ್ಪ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. "ನಮ್ಮಣ್ಣನ ಚೀಟಿ. ತಪ್ಪಿದ್ದೇ ಇಲ್ಲ."

ಹುಡುಗಿ ಗೆರೆಯ ಒಂಬತ್ತು ಮೀಟರು ಹಿಂದೆ, ಇನ್ನೂ ಹನ್ನೊಂದು ಜನರ ನಡುವೆ ನಿಂತಿದ್ದಳು. ಒಮ್ಮೆ ಅಮ್ಮನ ಕಡೆ ನೋಡಿ ಗಲ್ಲ ಮೇಲೆತ್ತಿದಳು. ತಾಯಿ ಕೈ ಎತ್ತಿದಳು. ಈಗಲಾದರೂ ಓಡಿಹೋಗಿ ಕಿವಿಯಲ್ಲಿ ಹೇಳಿಬಿಡಲೇ ಎನಿಸಿತು. ಅಷ್ಟರಲ್ಲಿ ಪಿಸ್ತೂಲು ಸದ್ದು ಮಾಡಿತು.

ಮೊದಲ ಸುತ್ತಿಗೆ ಹುಡುಗಿ ನಾಲ್ಕನೆಯವಳಾಗಿ ಬಂದಳು. ಭಾವನವರ ಕೈಯ ಗಡಿಯಾರವನ್ನು ತಾಯಿ ಭುಜದ ಮೇಲಿಂದ ಬಗ್ಗಿ ನೋಡಿದಳು. ಆ ಒಂಬತ್ತು ಮೀಟರಿನ ಎರಡು ಸೆಕೆಂಡು ಬಿಟ್ಟರೆ ಸರಿಯಾಗಿ ಎಪ್ಪತ್ತೈದು. ಕೂದಲೆಳೆಯಷ್ಟೂ ತಪ್ಪಿಲ್ಲ. ಭಾವನವರು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು.

"ಎಪ್ಪತ್ತೆರಡು!"

ಹುಡುಗಿಗೆ ಕೇಳಿಸಿತು. ಅವಳ ಮುಖ ಅತ್ತ ತಿರುಗಿತು. ತಾಯಿ ಅವಳ ಹೆಗಲು ಸಡಿಲವಾಗುವುದನ್ನು, ಹೆಜ್ಜೆ ಚಿಕ್ಕದಾಗುವುದನ್ನು ಕಾದು ನೋಡಿದಳು. ಹುಡುಗಿ ನಕ್ಕಳು. ಓಡುವಾಗ ಒಂದು ದಿನವೂ ನಗದವಳು ಹಲ್ಲು ಕಾಣುವಂತೆ ನಕ್ಕಳು. ಎಪ್ಪತ್ತೆರಡಕ್ಕೆ ಬಂದಿದ್ದೇನೆ, ಆದರೂ ಎಪ್ಪತ್ತೈದರಷ್ಟೇ ಸುಸ್ತಾಗಿದೆ ಎಂದರೆ ತನ್ನೊಳಗೆ ಚೀಟಿಗಿಂತ ದೊಡ್ಡದೊಂದಿದೆ ಎಂದಲ್ಲವೇ ಅವಳಿಗೆ ಅನ್ನಿಸಬೇಕಾದ್ದು. ಹೆಜ್ಜೆ ಉದ್ದ ಮಾಡಿದಳು. ತಿರುವಿಗೆ ಮೊದಲೇ ಒಬ್ಬಳನ್ನು ದಾಟಿದಳು, ತಿರುವಿನಲ್ಲಿ ಇನ್ನೊಬ್ಬಳನ್ನು. ಅಪ್ಪ ಹಗ್ಗದ ಪಕ್ಕ ಕುಣಿದ.

ಮೈಯ ಮಾತು ಕೇಳು ಎಂದಿದ್ದರು ವೈದ್ಯೆ. ಮೈ ನಿಜವನ್ನೇ ಹೇಳಿತ್ತು, ಇಷ್ಟೇ ನನ್ನ ಕೈಲಾಗುವುದು ಎಂದು. ಆ ಮಾತಿಗೆ ಇವರಿಬ್ಬರೂ ಸೇರಿ ಬೇರೆ ಅರ್ಥ ಹಚ್ಚಿ ಕಳಿಸಿದ್ದರು.

ಎರಡನೇ ಸುತ್ತಿಗೆ ಭಾವನವರು ಮೂರು ಕಳೆಯಬೇಕಾಗಿ ಬರಲಿಲ್ಲ. ಹುಡುಗಿ ನಿಜವಾಗಿಯೇ ಎಪ್ಪತ್ತೆರಡಕ್ಕೆ ಬಂದಳು. ಮೊದಲನೆಯವಳಾಗಿ ಬಂದಳು. ತುಟಿ ಬಿಳಿಚಿತ್ತು, ಆದರೆ ಕಣ್ಣು ಹೊಳೆಯುತ್ತಿತ್ತು. ಅಂಕಿಗಾಗಿ ದೊಡ್ಡಪ್ಪನ ಬಾಯನ್ನೇ ನೋಡಿದಳು. ಭಾವನವರು ಗಡಿಯಾರವನ್ನೇ ನೋಡುತ್ತ ಉಳಿದರು. ಹುಡುಗಿ ದಾಟಿಹೋದ ಮೇಲೆ ಅವರು ತಮ್ಮನ ಹೆಂಡತಿಯ ಕಡೆ ತಿರುಗಿದರು.

"ಈಗ ಏನಂತ ಕೂಗಲಿ?" ಎಂದು ಕೇಳಿದರು. ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಮೇಷ್ಟ್ರು ಪಾಠ ಮರೆತ ಮಗುವಿನಂತೆ ನಿಂತಿದ್ದರು.

ಆಚೆಯ ನೇರ ದಾರಿಯಲ್ಲಿ ಹುಡುಗಿಯ ತಲೆ ಹಿಂದಕ್ಕೆ ಬಾಗತೊಡಗಿತು. ಕೈಗಳು ಮೇಲೆ ಮೇಲೆ ಬಂದವು. ಹಿಂದೆ ಬಿದ್ದಿದ್ದವರು ಒಬ್ಬೊಬ್ಬರಾಗಿ ಅವಳನ್ನು ದಾಟಿದರು. ಅಪ್ಪನ ಗಿರಾಕಿಗಳು ಕೂಗುವುದನ್ನು ನಿಲ್ಲಿಸಿದರು.

ತಾಯಿ ಹಗ್ಗದ ಕೆಳಗೆ ನುಸುಳಿ ಗೆರೆಯ ಬಳಿಗೇ ಹೋದಳು. ತೀರ್ಪುಗಾರನೊಬ್ಬ ತೋಳು ಹಿಡಿದ, ಕೊಡವಿಕೊಂಡಳು. ಹುಡುಗಿ ಮೂರನೇ ಸುತ್ತು ಮುಗಿಸಲು ಬರುತ್ತಿದ್ದಳು. ಎಂಬತ್ತೈದು, ಎಂಬತ್ತಾರು. ಎದೆಯೊಳಗಿನ ಆ ಹಳೆಯ ಸದ್ದು ಹತ್ತು ಹೆಜ್ಜೆಯಾಚೆಗೂ ಕೇಳುತ್ತಿತ್ತು.

"ನಿಲ್ಲು ಮಗಳೇ" ಎಂದು ಕೂಗಿದಳು. "ಅದು ನಿನ್ನ ಟೈಮ್ ಅಲ್ಲ. ನಾನು ನಿನಗೆ ಜಾಸ್ತಿ ಹೊತ್ತು ಕೊಡ್ತಿದ್ದೆ. ಎಲ್ಲ ಸುಳ್ಳು, ದೊಡ್ಡಪ್ಪ ಕೂಗಿದ್ದೂ ಸುಳ್ಳು. ನಿಲ್ಲಮ್ಮ, ನಿನ್ನ ಕಾಲು ಹಿಡಿತೀನಿ."

ಇಡೀ ಮೈದಾನ ಅದನ್ನು ಕೇಳಿಸಿಕೊಂಡಿತು. ಅಪ್ಪ ಕೇಳಿಸಿಕೊಂಡ. ಹುಡುಗಿಯೂ ಕೇಳಿಸಿಕೊಂಡಳು. ದಾಟುವಾಗ ಅಮ್ಮನ ಮುಖವನ್ನು ಒಂದು ಗಳಿಗೆ ನೋಡಿದಳು. ತಾಯಿ ಮೂರು ತಿಂಗಳಿಂದ ಹೆದರುತ್ತಿದ್ದ ನೋಟವೇ ಅದು. ನೋಡಿ, ಮುಖ ತಿರುಗಿಸಿ, ನಿಲ್ಲದೆ ಹೋದಳು. ಯಾರ ಮಾತೂ ಕೇಳಬೇಕಾಗಿಲ್ಲದವಳ ಹಾಗೆ, ಹಲ್ಲು ಕಚ್ಚಿಕೊಂಡು, ಕೊನೆಯ ಸುತ್ತಿನ ತಿರುವಿಗೆ ಹೋದಳು.

ಆಚೆಯ ತಿರುವಿನಲ್ಲಿ ತಮ್ಮವರೆನ್ನುವವರು ಯಾರೂ ಇರಲಿಲ್ಲ. ಅಲ್ಲಿ ಅವಳ ಎಡಗಾಲು ಒಮ್ಮೆ ಅಡ್ಡ ಹೋಯಿತು. ಸಾವರಿಸಿಕೊಂಡಳು. ಮತ್ತೆ ಅಡ್ಡ ಹೋಯಿತು. ತಾಯಿ ಚಪ್ಪಲಿ ಕಳಚಿ ಮೈದಾನದ ನಡುವಿನಿಂದ ಅತ್ತ ಓಡತೊಡಗಿದಳು.